ಚಾಸಿ ಇಲ್ಲದ ಡಿಫೆಂಡರ್ ಮತ್ತು ನಮ್ಮ ಎರೆ ನೆಲ

ಲಾರಿ, ಟ್ರ್ಯಾಕ್ಟರ್ ನೋಡಿ ಬೆಳೆದ ನಮ್ಮ ಕಡೆಯವರಿಗೆ ಚಾಸಿ ಇಲ್ಲದ ಗಾಡಿ ಎಂದರೆ ನಂಬಿಕೆ ಅಷ್ಟಕ್ಕಷ್ಟೆ. 2019ರಲ್ಲಿ ಬಂದ ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಮೇಲಿನ ಮೊದಲ ತಕರಾರೂ ಅದೇ. 2016ರ ಜನವರಿಯಲ್ಲಿ ತಯಾರಿ ನಿಂತ ಹಳೆಯ ಗಾಡಿಗೆ ಏಣಿಯಂಥ ಉಕ್ಕಿನ ಚಾಸಿ (ಲ್ಯಾಡರ್ ಫ್ರೇಮ್), ಹಿಂದೆ ಮುಂದೆ ಎಡಬಲ ಚಕ್ರಗಳನ್ನು ಜೋಡಿಸುವ ಇಡೀ ಆಕ್ಸಲ್. ಹೊಸದಕ್ಕೆ ಅಲ್ಯೂಮಿನಿಯಂ ಮೊನೊಕಾಕ್, ಅಂದರೆ ಬಾಡಿಯೇ ಚಾಸಿ; ನಾಲ್ಕು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಶನ್. ಬಾಡಿಯನ್ನು ಒಂದು ಡಿಗ್ರಿ ತಿರುಚಲು 29,000 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಗಟ್ಟಿತನದ ಮಾತು ಅಲ್ಲಿಗೇ ಮುಗಿಯಿತು.

ಯೋಚಿಸಬೇಕಾದ್ದು ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಗಡ್ಡೆ, ಡಿಫರೆನ್ಶಿಯಲ್ ಬಗ್ಗೆ. ಇಡೀ ಆಕ್ಸಲ್ ಇದ್ದಾಗ ಅದು ಚಕ್ರದ ಜೊತೆಗೇ ಏರಿಳಿಯುತ್ತದೆ. ಎಷ್ಟೇ ಲೋಡ್ ಹೇರಿದರೂ ನೆಲದಿಂದ ಅದರ ಅಂತರ ಬದಲಾಗದು. ಹೊಸದರಲ್ಲಿ ಅದು ಬಾಡಿಗೆ ಅಂಟಿಕೊಂಡಿದೆ. ಸ್ಪ್ರಿಂಗ್ ಕುಗ್ಗಿದಷ್ಟೂ ಹೊಟ್ಟೆ ನೆಲಕ್ಕೆ ಹತ್ತಿರ. ಈ ಕೊರತೆ ತುಂಬುವುದೇ ಗಾಳಿ ತುಂಬಿದ ಸ್ಪ್ರಿಂಗಿನ ಏರ್ ಸಸ್ಪೆನ್ಶನ್: ಮಾಮೂಲಿ ಎತ್ತರಕ್ಕಿಂತ 75 ಮಿ.ಮೀ. ಮೇಲೇರುತ್ತದೆ, ಹೊಟ್ಟೆ ತಾಗಿ ನಿಂತರೆ ಇನ್ನೂ 70 ಮಿ.ಮೀ. ಮೊದಲ 75 ಮಿ.ಮೀ. ಏರಿದಾಗ ಐದು ಬಾಗಿಲಿನ 110 ಮಾದರಿಯ ಗ್ರೌಂಡ್ ಕ್ಲಿಯರೆನ್ಸ್ 291 ಮಿ.ಮೀ., ಬಂಪರ್ ತಾಗದೆ ಹತ್ತಬಲ್ಲ ಮುಂದಿನ ಏರುಕೋನ 38 ಡಿಗ್ರಿ, ಇಳಿಯುವಾಗಿನ ಹಿಂದಿನದು 40. ಆನೆಗುಂದಿ ಕಡೆಯ ಬಂಡೆಗಳ ನಡುವೆ ನೆನಪಿಡಬೇಕಾದ ಅಂಕಿ ಮಾತ್ರ ಮೂರನೆಯದು. ಮುಂದಿನ ಹಿಂದಿನ ಚಕ್ರಗಳ ನಡುವೆ ಹೊಟ್ಟೆ ತಾಗದೆ ದಾಟಬಲ್ಲ ಕೋನ 28 ಡಿಗ್ರಿ, ಗುಂಡುಕಲ್ಲು ತಾಗುವುದು ಅಲ್ಲೇ.

ಸುಮ್ಮನೆ ಏರಿಸಿ ಇಳಿಸುವ ಆಟ ಬೇಡ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಸಾಲಾಗಿ ಮೂರ್ನಾಲ್ಕು ಸಲ ಏರಿಸಿದರೆ ಸ್ಪ್ರಿಂಗಿಗೆ ಗಾಳಿ ತುಂಬುವ ಕಂಪ್ರೆಸರ್ ಕಾದು ತಾನೇ ನಿಂತುಬಿಡಬಹುದು. ಕೆಟ್ಟಿದೆ ಎಂದುಕೊಳ್ಳದೆ ತಣಿಯಲು ಬಿಡಿ. ಸಂಡೂರಿನ ಅದಿರು ಧೂಳು ಏರ್ ಸ್ಪ್ರಿಂಗಿನ ರಬ್ಬರ್ ಮಡಿಕೆಗಳಲ್ಲಿ ಕೂತರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಗಾಡಿಯನ್ನು ಪೂರ್ತಿ ಏರಿಸಿ, ಕಡಿಮೆ ಒತ್ತಡದ ನೀರಲ್ಲಿ ಆ ಮಡಿಕೆಗಳನ್ನು ತೊಳೆಯಬೇಕು. ಎಂಜಿನ್ ಏರ್ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕುವ ಲಾರಿ ಅಭ್ಯಾಸ ಇಲ್ಲಿ ನಡೆಯದು. ಕಾಗದ ಸೂಕ್ಷ್ಮವಾಗಿ ಹರಿದರೆ ಧೂಳು ಟರ್ಬೋಗೆ ನೇರ ದಾರಿ ಹಿಡಿಯುತ್ತದೆ.

ಇನ್ನು ಎರೆ ಮಣ್ಣು. ಸಿಂಧನೂರು ಕಡೆ ಮಳೆ ಬಿದ್ದ ಹೊಲದ ದಾರಿಯಲ್ಲಿ ಗಾಡಿಯ ಬೆಲೆಗೂ ಹಿಡಿತಕ್ಕೂ ಸಂಬಂಧವಿಲ್ಲ. ನೀರು ಕುಡಿದು ಉಬ್ಬಿದ ಮಣ್ಣು ಟೈರ್ ಗೀರುಗಳಿಗೆ ಮೆತ್ತಿಕೊಂಡರೆ ನಾಲ್ಕು ಚಕ್ರವೂ ನುಣ್ಣಗಿನ ಉರುಳೆ. 22 ಇಂಚಿನ ಚಕ್ರ ನೋಡಲು ಚೆಂದ, ಆದರೆ 275/45 ಟೈರಿನ ಪಕ್ಕದ ಗೋಡೆ ಬರೀ 124 ಮಿ.ಮೀ. 255/70 ಆರ್18ರಲ್ಲಿ ಅದು 178.5. ಇಲ್ಲಿಗೆ 18 ಇಂಚೇ ಸರಿ, ಜೊತೆಗೆ ಗೀರು ಅಗಲವಾಗಿರುವ ಆಲ್ ಟೆರೇನ್ ಟೈರ್. ಗಾಳಿಯನ್ನು 24 ಪಿಎಸ್‌ಐಗೆ ಇಳಿಸಿ, ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಜೋರಾಗಿ ಎಳೆಯುವ ಲೋ ರೇಂಜ್ ಗೇರ್ ಹಾಕಿ, ಕೆಸರಿನ ಮೋಡ್ ಆರಿಸಿ, ಒಂದೇ ಹದದಲ್ಲಿ ಸಾಗಿ. ನಡುವೆ ನಿಲ್ಲಬೇಡಿ. ಚಕ್ರ ತಿರುಗುತ್ತಿದ್ದರಷ್ಟೇ ಮಣ್ಣು ಸಿಡಿದು ಟೈರ್ ಚೊಕ್ಕಟವಾಗುವುದು. ಟ್ರ್ಯಾಕ್ಷನ್ ಕಂಟ್ರೋಲ್ ಬ್ರೇಕ್ ಹಿಡಿದು ಆ ತಿರುಗುವಿಕೆಯನ್ನೇ ಕೊಲ್ಲುತ್ತಿದ್ದರೆ ಆಫ್ ಮಾಡಿ. ಡಾಂಬರಿಗೆ ಬರುವ ಮೊದಲು ಗಾಳಿ ತುಂಬಿಸುವುದು ಮರೆಯಬೇಡಿ.

ಹಳ್ಳ ದಾಟಲು ಏರ್ ಸಸ್ಪೆನ್ಶನ್ ಇರುವ ಗಾಡಿಗೆ 900 ಮಿ.ಮೀ. ಆಳದ ಮಿತಿ. ಅದು ನಿಂತ ನೀರಿನ ಲೆಕ್ಕ. ಹರಿಯುವ ನೀರು ಮೊಣಕಾಲಿಗೆ ಬಂದರೂ ಎರಡು ಟನ್ ಮೀರಿದ ಗಾಡಿ ಪಕ್ಕಕ್ಕೆ ಜಾರಬಲ್ಲದು. ನೀರು ದಾಟುವ ವೇಡ್ ಮೋಡ್ ಹಾಕಿದರೆ ಎತ್ತರ ತಾನೇ ಏರುತ್ತದೆ, ಆಕ್ಸಿಲರೇಟರ್ ಮೆತ್ತಗಾಗುತ್ತದೆ, ದಡ ಹತ್ತಿದ ಮೇಲೆ ಬ್ರೇಕ್ ಲಘುವಾಗಿ ಉಜ್ಜಿ ಒಣಗುತ್ತದೆ. ಬಾನೆಟ್ ಕೆಳಗಿನ ನೆಲ ತೋರಿಸುವ ಕ್ಯಾಮೆರಾವನ್ನು ಇಲ್ಲಿ ನಂಬಬೇಡಿ. ಅದು ತೋರಿಸುವುದು ಕ್ಷಣದ ಹಿಂದೆ ಮುಂದಿನ ಕ್ಯಾಮೆರಾಗಳು ಕಂಡ ನೆಲವನ್ನು. ಅಷ್ಟರಲ್ಲಿ ಉರುಳಿ ಬಂದ ಕಲ್ಲು ಅದರಲ್ಲಿಲ್ಲ. ಲೆನ್ಸಿಗೆ ಕೆಸರು ಹತ್ತಿದರಂತೂ ಕುರುಡು.

ಮರುದಿನ ಸ್ಟಿಯರಿಂಗ್ ನಡುಗಿದರೆ ನೇರ ಅಲೈನ್‌ಮೆಂಟ್‌ಗೆ ಓಡುವ ಮುನ್ನ ಚಕ್ರದ ಒಳಮೈ ನೋಡಿ. ಒಂದು ಬದಿಗೆ ಒಣಗಿ ಕಲ್ಲಾದ ಎರೆ ಮಣ್ಣು ಕೂತು ಚಕ್ರದ ತೂಕದ ಸಮತೋಲ ಕೆಡಿಸಿರಬಹುದು. ಮರದ ತುಂಡಿನಿಂದ ಕೆರೆದು ತೆಗೆಯಿರಿ, ಕಬ್ಬಿಣ ಬೇಡ.