‘ಇದನ್ನೆಲ್ಲ ಎಲ್ಲಿ ಕಲಿತ್ರಿ ಮೇಡಂ?’

ಕೋಲಾರದ ನಮ್ಮ ಗ್ರಂಥಾಲಯದ ಕೌಂಟರಿನಲ್ಲಿ, ಬಂದವರ ಕಂಪ್ಯೂಟರು, ಇಂಟರ್‌ನೆಟ್ಟಿನ ಕೆಲಸಕ್ಕೆ ನೆರವಾಗುವಾಗ ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು. ಅರ್ಜಿ ಹಾಕಲು ಬಂದ ಹುಡುಗರು ಕೇಳುತ್ತಾರೆ, ಬೆಳಿಗ್ಗೆ ಪೇಪರ್ ಓದಲು ಬರುವ ನಿವೃತ್ತರು ಕೇಳುತ್ತಾರೆ. ಬೇರೆ ತಾಲ್ಲೂಕಿನ ಗ್ರಂಥಾಲಯಗಳಿಗೆ ಹೊಸದಾಗಿ ಸೇರಿದವರು ಫೋನ್ ಮಾಡಿಯೇ ಕೇಳುತ್ತಾರೆ: "ಯಾವ ಕೋರ್ಸು ಮೇಡಂ? ಎಷ್ಟು ತಿಂಗಳದ್ದು? ಸರ್ಟಿಫಿಕೇಟ್ ಕೊಡ್ತಾರಾ?" ನೇಮಕಾತಿ ಅಧಿಸೂಚನೆ ನೋಡಿಕೊಂಡೇ ಬೆಳೆದ ಮಕ್ಕಳಿಗೆ ಸರ್ಟಿಫಿಕೇಟಿನ ಮಾತೇ ಮೊದಲು ಬಾಯಿಗೆ ಬರುವುದು ಸಹಜ.

ಕೋರ್ಸಿನಿಂದ ಕಲಿತದ್ದು ಕಡಿಮೆ. ನಾನು ಲೈಬ್ರರಿ ಸೈನ್ಸ್ ಓದಿದ ಕಾಲಕ್ಕೆ ಕಾರ್ಡ್ ಕ್ಯಾಟಲಾಗು, ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ವರ್ಗೀಕರಣ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಇವೇ ಪಾಠ. ಕಂಪ್ಯೂಟರ್ ಅನ್ನುವುದು ಕೊನೆಯ ಅಧ್ಯಾಯ. ಅಲ್ಲಿಗೆ ಮುಟ್ಟುವ ಮೊದಲೇ ಪರೀಕ್ಷೆ ಬಂತು. ಆಮೇಲೆ ಒಂದಷ್ಟು ತರಬೇತಿಗಳಿಗೂ ಹೋಗಿದ್ದೇನೆ. ಗೋಡೆಯ ಮೇಲೆ ಸ್ಲೈಡುಗಳು ಸರಿಯುತ್ತವೆ, ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ, ಸಂಜೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಮೌಸ್ ಮಾತ್ರ ನಮ್ಮ ಕೈಗೆ ಬರುವುದಿಲ್ಲ.

ನಾನು ಕಲಿತದ್ದು ಕೇಳಿಕೊಂಡು ಬಂದವರ ಪಕ್ಕದಲ್ಲಿ ಕೂತು. ಇಂಟರ್‌ನೆಟ್ಟಿನಲ್ಲಿ ಹೊಸದಾಗಿ ಏನೇನು ಬಂದಿದೆ ಎಂದು ಪಟ್ಟಿ ಹಿಡಿದು ಹೊರಟರೆ ಆಯಸ್ಸು ಸಾಲದು, ಅರ್ಧ ಕಲಿಯುವಷ್ಟರಲ್ಲಿ ಆ ಆ್ಯಪ್‌ ಕೂಡ ಮುಚ್ಚಿಹೋಗಿರುತ್ತದೆ. ಒಬ್ಬರು ಬಂದು "ಈ ಕೆಲಸ ಆಗಬೇಕಲ್ಲ" ಅಂದಾಗ, ಅದಕ್ಕೆ ಬೇಕಾದಷ್ಟನ್ನು, ಅವರ ಕಣ್ಣೆದುರೇ ಕಲಿಯುತ್ತೇನೆ. ಹೇಗೆ ಅನ್ನುವುದಕ್ಕೆ ಒಂದು ಪ್ರಸಂಗ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿ ಕಾರ್ಯದರ್ಶಿ ಬಂದಿದ್ದರು. ಅವರ ಊರ ಕೆರೆಯ ಹತ್ತಿರ ಒಂದು ಶಾಸನದ ಕಲ್ಲಿದೆ. ಜಾತ್ರೆಯ ಕರಪತ್ರದಲ್ಲಿ ಊರಿನ ಇತಿಹಾಸ ಅಂತ ನಾಲ್ಕು ಸಾಲು ಹಾಕಿಸಬೇಕು, ಕಲ್ಲಿನ ಮೇಲೆ ಏನಿದೆ ತಿಳಿಯಬೇಕು. ಮೊಬೈಲಿನಲ್ಲಿ ಫೋಟೊ ಇತ್ತು, ಆದರೆ ಅರಿಶಿನ ಕುಂಕುಮ ಮೆತ್ತಿ, ಎಣ್ಣೆ ಹಿಡಿದು ಅಕ್ಷರವೇ ಕಾಣುತ್ತಿರಲಿಲ್ಲ. "ಮಗ ಎಐ ಹತ್ರ ಕೇಳಿದ್ದಾನೆ ಮೇಡಂ, ಗಂಗರ ಕಾಲದ ವೀರಗಲ್ಲಂತೆ, ನಂಬರೂ ಕೊಟ್ಟಿದೆ" ಎಂದು ಇನ್ನೊಂದು ಪರದೆ ತೋರಿಸಿದರು. ನೋಡಿದರೆ ಬಲು ಅಚ್ಚುಕಟ್ಟಾದ ಉತ್ತರ. ರಾಜನ ಹೆಸರು, ಇಸವಿ, ಶಾಸನದ ಸಂಖ್ಯೆ, ಎಲ್ಲ ಇತ್ತು.

ಕೋಲಾರ ಜಿಲ್ಲೆಯ ಶಾಸನ ಎಂದರೆ ಲೈಬ್ರರಿಯವರಿಗೆ ನೆನಪಾಗಬೇಕಾದ ಪುಸ್ತಕ ಒಂದೇ, ಬಿ.ಎಲ್. ರೈಸ್ ಸಂಪಾದಿಸಿದ, ಜಿಲ್ಲಾವಾರು ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ. 1905ರಲ್ಲಿ ಅಚ್ಚಾದದ್ದು. ತುಮಕೂರಿನವರಿಗೆ ಹನ್ನೆರಡನೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ ತಾನೇ, ಹಾಗಾಗಿ ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟದ ಕಲ್ಲುಗಳೂ ನಮ್ಮ ಸಂಪುಟದಲ್ಲೇ ಇವೆ. ಪುಸ್ತಕದ ವಿಷಯ ನನಗೆ ಗೊತ್ತಿತ್ತು. ನಮ್ಮ ಕಪಾಟಿನಲ್ಲಿ ಅದು ಇರಲಿಲ್ಲ. ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಸ್ಕ್ಯಾನ್ ಪ್ರತಿ ಇದೆ ಎಂದು ಕೇಳಿದ್ದೆ, ತೆರೆದು ನೋಡಿರಲಿಲ್ಲ.

ಕೂತೆವು. ಮೌಸ್ ಅವರ ಕೈಗೇ ಕೊಟ್ಟೆ. ಕನ್ನಡದಲ್ಲಿ ಟೈಪ್ ಮಾಡಿದರೆ ಏನೂ ಬರಲಿಲ್ಲ, ಇಂಗ್ಲಿಷ್ ಹೆಸರು ಕೊಟ್ಟ ಮೇಲೆ ಸಂಪುಟ ಸಿಕ್ಕಿತು. ಒಳಗೆ ಊರಿನ ಹೆಸರು ಹುಡುಕಿದರೆ ಮತ್ತೆ ಸೊನ್ನೆ. ಯಾಕೆಂದರೆ ಆ ಸ್ಕ್ಯಾನಿನ ಕನ್ನಡ ಅಕ್ಷರಗಳನ್ನು ಯಂತ್ರ ಓದಿಯೇ ಇರಲಿಲ್ಲ. ಇಂಗ್ಲಿಷ್ ಭಾಗದಲ್ಲೋ ಊರುಗಳ ಹೆಸರಿಗೆ ರೈಸ್ ಕಾಲದ ಕಾಗುಣಿತ, ಮೇಲೆ ಕೆಳಗೆ ಗೆರೆ ಚುಕ್ಕಿಗಳು. ಈಗ ಬಸ್ಸಿನ ಬೋರ್ಡಿನಲ್ಲಿರುವ ಸ್ಪೆಲ್ಲಿಂಗ್ ಹಾಕಿದರೆ ಸಿಗುವುದಿಲ್ಲ. ಹುಡುಕಾಟ ಬಿಟ್ಟು ಪುಸ್ತಕವನ್ನು ಪುಸ್ತಕದಂತೆಯೇ ಮಗುಚಿದೆವು. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಹಾಕಿ ಜೋಡಿಸಿದ್ದಾರೆ. ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಅಕ್ಷರದ ಪಾಠ ಇನ್ನೊಂದು ಕಡೆ, ಕನ್ನಡ ಲಿಪಿಯ ಪಾಠ ಮತ್ತೊಂದು ಕಡೆ. ಮೂರರಲ್ಲೂ ಸಂಖ್ಯೆ ಅದೇ. ಒಂದೊಂದರ ತಲೆಯ ಮೇಲೂ ಊರು, ಹೋಬಳಿ, ಕಲ್ಲು ನಿಂತಿರುವ ಜಾಗ. ಮುಳಬಾಗಿಲು ಭಾಗಕ್ಕೆ ಬಂದ ಮೇಲೆ ನಾನು ಸುಮ್ಮನೆ ಕೂತೆ. ಇಂಗ್ಲಿಷಿನಲ್ಲಿ ಎಷ್ಟೇ ಸೊಟ್ಟಗೆ ಬರೆದಿದ್ದರೂ, ಹೋಬಳಿಯ ಹಳ್ಳಿಗಳ ಹೆಸರುಗಳನ್ನು ಕಾರ್ಯದರ್ಶಿ ಪಟಪಟ ಗುರುತು ಹಿಡಿದರು. ಡೇರಿ ಲೆಕ್ಕ ಬರೆದ ಕಣ್ಣು. "ಇದೇ ಮೇಡಂ, ಇದೇ, ಕೆರೆ ಹತ್ರ ಅಂತಲೂ ಬರ್ದಿದೆ" ಎಂದು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು.

ವೀರಗಲ್ಲೂ ಅಲ್ಲ, ಗಂಗರದ್ದೂ ಅಲ್ಲ. ಕೆರೆ ಕಟ್ಟಿಸಿದವನಿಗೆ ಕೆರೆಯ ಕೆಳಗೆ ಗದ್ದೆ ಬಿಟ್ಟುಕೊಟ್ಟ ಶಾಸನ. ಎಐ ಕೊಟ್ಟ ಸಂಖ್ಯೆಯನ್ನೂ ತೆಗೆದು ನೋಡಿದೆವು. ಆ ಸಂಖ್ಯೆಯ ಕಲ್ಲು ಇರುವುದು ಬೇರೆ ಊರಿನಲ್ಲಿ. ಕನ್ನಡ ಪಾಠದ ಆ ಒಂದು ಪುಟವನ್ನಷ್ಟೇ ಉಳಿಸಿಕೊಂಡು, ತಿಳಿಯದ ಹಳೆಯ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ತಾಣದಲ್ಲಿರುವ ನಿಘಂಟುಗಳನ್ನು ತೆರೆದುಕೊಂಡು, ಕರಪತ್ರಕ್ಕೆ ಬೇಕಾದ ನಾಲ್ಕು ಸಾಲು ಅವರೇ ಬರೆದರು. ಅಷ್ಟು ಹೊತ್ತಿಗೆ ನಾನು ಕಲಿತದ್ದು: ಆರ್ಕೈವ್‌ನಲ್ಲಿ ಹುಡುಕುವುದು, ಪುಸ್ತಕದ ಒಳಗೆ ಹುಡುಕುವುದು, ಬೇಕಾದ ಪುಟ ಮಾತ್ರ ಇಳಿಸಿಕೊಳ್ಳುವುದು, ಯಾವಾಗ ಹುಡುಕುವ ಪೆಟ್ಟಿಗೆಯನ್ನು ನಂಬಬಾರದು ಅನ್ನುವುದು. ಇದನ್ನು ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದರೂ ನನಗೆ ನಿಲ್ಲುತ್ತಿರಲಿಲ್ಲ. ಹಂತಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗ ಪಿಯು ಕಾಲೇಜಿನ ಮಕ್ಕಳು ತಮ್ಮೂರ ಕಲ್ಲಿನ ಪ್ರಾಜೆಕ್ಟ್ ಅಂತ ಬಂದರೆ ಆ ಪುಟ ತೆರೆದು ಮುಂದಿಟ್ಟು ನನ್ನ ಕೆಲಸಕ್ಕೆ ಹೋಗುತ್ತೇನೆ.

ಎಐ ಬೇಡವೇ ಬೇಡ ಅನ್ನುವವಳಲ್ಲ ನಾನು. ಇಂಗ್ಲಿಷಿನ ಉದ್ದನೆಯ ಸುತ್ತೋಲೆಯನ್ನು ಸುಲಭ ಕನ್ನಡಕ್ಕೆ ತರಿಸಿಕೊಳ್ಳಲು ನಾನೂ ಬಳಸುತ್ತೇನೆ. ಆದರೆ ಪುಸ್ತಕದ ಹೆಸರು, ಇಸವಿ, ಸಂಖ್ಯೆ ಕೊಟ್ಟಿತೋ, ಆ ಪುಸ್ತಕ ಕಣ್ಣಿಗೆ ಕಾಣುವವರೆಗೆ ನಂಬುವುದಿಲ್ಲ. ಇಲ್ಲದ ಪುಸ್ತಕಕ್ಕೆ ಲೇಖಕ, ಪ್ರಕಾಶಕರನ್ನೂ ಹುಟ್ಟಿಸಿ ಕೊಡುವ ಉತ್ತರಗಳನ್ನು ಹಿಡಿದುಕೊಂಡು ಬರುವವರು ಈಗ ಹೆಚ್ಚಾಗಿದ್ದಾರೆ.

ಮುಳಬಾಗಿಲು ಅಂದ ಮೇಲೆ ಡಿವಿಜಿಯವರ ವಿಷಯವೂ ಬರಲೇಬೇಕು, ಅವರು ಹುಟ್ಟಿದ ಊರು. "ಡಿವಿಜಿ ಪುಸ್ತಕದ ಪಿಡಿಎಫ್ ಟೆಲಿಗ್ರಾಂನಲ್ಲಿದೆ, ಪೆನ್‌ಡ್ರೈವಿಗೆ ಹಾಕಿಕೊಡಿ" ಎನ್ನುವವರಿಗೆ ಆಗುವುದಿಲ್ಲ ಅನ್ನುತ್ತೇನೆ. ನಮ್ಮ ಕಾಯ್ದೆಯಲ್ಲಿ ಕಾಪಿರೈಟ್ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಡಿವಿಜಿ ಹೋದದ್ದು 1975ರಲ್ಲಿ, ಅಲ್ಲಿಗೆ 2035ರ ಕೊನೆಯವರೆಗೆ. ಮಾಲೂರು ತಾಲ್ಲೂಕಿನ ಮಾಸ್ತಿಯವರದು 1986, ಇನ್ನೂ ದೂರ. ಬಿ.ಎಂ.ಶ್ರೀ ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ಹೋದವರು, ಅವರ ಬರಹಕ್ಕೆ ಆ ತಡೆ ಇಲ್ಲ. ಈ ಲೆಕ್ಕ ಹೇಳಿದರೆ ಮುಖ ಸಿಂಡರಿಸುವವರೇ ಹೆಚ್ಚು, ಆದರೂ ಹೇಳುತ್ತೇನೆ. ಪುಸ್ತಕ ಕಪಾಟಿನಲ್ಲೇ ಇದೆ ಸ್ವಾಮಿ, ಕಾರ್ಡ್ ಮಾಡಿಸಿ ಒಯ್ಯಿರಿ. ಫೋನಿನಲ್ಲೇ ಓದಬೇಕೆಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಶುರುಮಾಡಿದ ಡಿಜಿಟಲ್ ಗ್ರಂಥಾಲಯ ಇದೆ, ಐಐಟಿ ಖರಗ್‌ಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ.

ನಮ್ಮಲ್ಲಿ ದಿನವಿಡೀ ಕೂರುವವರು ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಹುಡುಗ ಹುಡುಗಿಯರು. ಅವರಿಂದ ಕಲಿತದ್ದು ಬಹಳ, ಹೇಳುವುದಕ್ಕೆ ಸ್ವಲ್ಪವೇ. ಫೋಟೊ, ಸಹಿಗಳನ್ನು ಅರ್ಜಿ ಕೇಳಿದಷ್ಟು ಕೆಬಿಗೆ ಇಳಿಸುವುದು. ವಾಟ್ಸಾಪಿನಲ್ಲಿ ಬಂದ ನೇಮಕಾತಿ ಅಧಿಸೂಚನೆ ನಿಜವೋ ಸುಳ್ಳೋ ಎಂದು ಸಂಬಂಧಪಟ್ಟ ಇಲಾಖೆಯ ತಾಣಕ್ಕೇ ಹೋಗಿ ನೋಡುವುದು. ಗೂಗಲ್ಲಿಗೆ ಸರ್ಕಾರಿ ತಾಣಗಳಲ್ಲಿ ಮಾತ್ರ ಹುಡುಕು ಎಂದು ಹೇಳುವುದು. ಮೊದಲೆರಡನ್ನು ಅವರೇ ನನಗೆ ಕಲಿಸಿದರು, ಮೂರನೆಯದನ್ನು ನಾನು ಅವರಿಗೆ. ಶ್ರೀನಿವಾಸಪುರ ಕಡೆಯ ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರಿಗೆ ಮಾತಾಡಿ ಟೈಪ್ ಮಾಡುವುದನ್ನು ತೋರಿಸುವಾಗ ಫೋನು ಪ್ರತಿ ಸಾಲಿನಲ್ಲೂ ಎಡವುತ್ತಿತ್ತು. ಅವರ ಮಾತು ನಮ್ಮ ಗಡಿಯ ಮಾತು, ಅರ್ಧ ಕನ್ನಡ, ಅರ್ಧ ತೆಲುಗು. ಕೀಬೋರ್ಡಿಗೆ ಎರಡು ಭಾಷೆಯನ್ನೂ ಸೇರಿಸಿಕೊಟ್ಟೆ. ಅರ್ಜಿ ಹೇಳುವಾಗ ಪೂರ್ತಿ ಕನ್ನಡ, ಮಗಳಿಗೆ ಕಳಿಸುವಾಗ ಪೂರ್ತಿ ತೆಲುಗು ಎಂದು ಅವರೇ ಒಂದು ನಿಯಮ ಮಾಡಿಕೊಂಡರು.

ಮಾಡದೆ ಇರುವ ಕೆಲಸಗಳೂ ಇವೆ. ಒಟಿಪಿ ನನಗೆ ಹೇಳಬೇಡಿ, ಪಾಸ್‌ವರ್ಡ್ ಬರೆದುಕೊಡಬೇಡಿ, ಬ್ಯಾಂಕಿನ ವ್ಯವಹಾರ ಲೈಬ್ರರಿಯ ಕಂಪ್ಯೂಟರಿನಲ್ಲಿ ಬೇಡ. ಸಂಜೆ ಬೀಗ ಹಾಕುವ ಮೊದಲು ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡುತ್ತೇನೆ. ಅದರಲ್ಲಿ ಏನಿರುವುದಿಲ್ಲ ಹೇಳಿ! ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಯಾರದೋ ಪಹಣಿ, ಯಾರದೋ ಮದುವೆಯ ಬಯೋಡೇಟಾ. ಎಲ್ಲ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ ಹೊರಡುತ್ತೇನೆ. ಹೊಸಬರು ಯಾವುದರಿಂದ ಶುರುಮಾಡಲಿ ಎಂದು ಕೇಳಿದರೆ ಇದರಿಂದಲೇ ಅನ್ನುತ್ತೇನೆ. ಇದಕ್ಕೆ ಇಂಟರ್‌ನೆಟ್ಟೂ ಬೇಕಿಲ್ಲ.

"ನೀವೇ ಮಾಡಿಕೊಟ್ಟರೆ ಬೇಗ ಆಗುತ್ತಲ್ಲ" ಎನ್ನುವುದು ಇನ್ನೊಂದು ತಕರಾರು. 1931ರಲ್ಲಿ ರಂಗನಾಥನ್ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ, ಅದನ್ನೇ ಎತ್ತಿ ಆಡುವ ಸಹೋದ್ಯೋಗಿಗಳೂ ಇದ್ದಾರೆ. ನವೆಂಬರಿನಲ್ಲಿ ಪಿಂಚಣಿದಾರರು ಬರುತ್ತಾರೆ, ಫೋನಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್, ಅಂದರೆ ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ, ಕೊಡಬೇಕು. ನಾನೇ ಮಾಡಿಕೊಟ್ಟವರು ಮರುವರ್ಷ ಮತ್ತೆ ಆಟೊ ಹಿಡಿದು ಬಂದರು. ಪಕ್ಕದಲ್ಲಿ ನಿಂತು ಅವರಿಂದಲೇ ಮಾಡಿಸಿದವರು ಮನೆಯಲ್ಲೇ ಮುಗಿಸಿ, ಪಕ್ಕದ ಮನೆಯವರದನ್ನೂ ಮುಗಿಸಿಕೊಟ್ಟರು. ಯಾರ ಸಮಯ ಉಳಿಯಿತು ಎಂದು ಆ ಸಹೋದ್ಯೋಗಿಗಳನ್ನೇ ಕೇಳಬೇಕು.

ಸದ್ಯ ನನ್ನ ಮೇಷ್ಟ್ರು ಒಬ್ಬ ನಿವೃತ್ತ ಮೇಷ್ಟ್ರೇ. ಊರಿನ ಕೆರೆಗಳ ಬಗ್ಗೆ ಬರೆದ ಲೇಖನಗಳನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರು. ಇಮೇಲಿಗೆ ಹಾಕಿದರೆ ಬರೀ ಚಿತ್ರವಿಚಿತ್ರ ರೋಮನ್ ಅಕ್ಷರಗಳು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುವ ಪರಿವರ್ತಕ ಹುಡುಕಿ ಹಾಕಿದೆವು. ಅಲ್ಲಲ್ಲಿ ಒತ್ತಕ್ಷರಗಳು ಜಾಗ ತಪ್ಪಿದ್ದವು, ಅರ್ಕಾವೊತ್ತು ಕೆಲವು ಕಡೆ ಹಾರಿಹೋಗಿತ್ತು. ಸಾಲು ಸಾಲು ಓದಿ ತಿದ್ದುವ ತಾಳ್ಮೆ ಅವರಿಗಿದೆ, ಜೀವನವಿಡೀ ಉತ್ತರಪತ್ರಿಕೆ ತಿದ್ದಿದವರು. ಅದು ಮುಗಿಯುವ ಮೊದಲೇ, "ಅಮ್ಮಾ, ಇದನ್ನ ಪುಸ್ತಕ ಮಾಡೋದಾದ್ರೆ ಹಿಂಬದೀಲಿ ಐಎಸ್‌ಬಿಎನ್ ಅಂತ ಒಂದು ನಂಬರ್ ಇರುತ್ತಲ್ಲ, ಅದನ್ನ ಯಾರು ಕೊಡ್ತಾರೆ?" ಎಂದರು. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆನ್‌ಲೈನಿನಲ್ಲೇ ಉಚಿತವಾಗಿ ಕೊಡುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಅರ್ಜಿಯ ಪುಟವನ್ನು ಇನ್ನೂ ತೆರೆದು ನೋಡಿಲ್ಲ. ಶುಕ್ರವಾರ ಆಧಾರ್ ಕಾರ್ಡ್ ಮತ್ತು ಮುಖಪುಟದ ಚಿತ್ರ ತನ್ನಿ ಸಾರ್, ಇಬ್ಬರೂ ಕೂತು ನೋಡೋಣ ಎಂದಿದ್ದೇನೆ.