ವುರ್ಜ್‌ಬರ್ಗ್‌ಗೆ ಹೋದರೆ ರೀಮೆನ್‌ಶ್ನೈಡರ್‌ನನ್ನು ನೋಡದೆ ಬರಬೇಡಿ

ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ವುರ್ಜ್‌ಬರ್ಗ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಹೆಚ್ಚಿನವರು ಅರಮನೆ ನೋಡಿ, ಸೇತುವೆ ಮೇಲೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಟಿಲ್‌ಮನ್ ರೀಮೆನ್‌ಶ್ನೈಡರ್ ಎಂಬ ಶಿಲ್ಪಿಗಾಗಿ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಹಳೆಯ ಸೇತುವೆ ಪಕ್ಕದಲ್ಲೇ ಇರುವ ಗ್ರಾಫೆನ್‌ಎಕಾರ್ಟ್ ಕಟ್ಟಡದಿಂದ ಶುರು ಮಾಡಿ. ಅದು ಊರಿನ ಹಳೇ ಪುರಭವನ. 1483ರಲ್ಲಿ ಬರೀ ಕೆಲಸಗಾರನಾಗಿ ಬಂದ ರೀಮೆನ್‌ಶ್ನೈಡರ್ 1504ರಲ್ಲಿ ನಗರಸಭೆ ಸೇರಿದ, 1520ರಲ್ಲಿ ಮೇಯರ್ ಆದ. 1525ರಲ್ಲಿ ರೈತರು ದಂಗೆ ಎದ್ದರು. ಊರನ್ನು ಆಳುತ್ತಿದ್ದ ಬಿಷಪ್‌ನ ಪರವಾಗಿ ಅವರ ವಿರುದ್ಧ ನಿಲ್ಲಲು ನಗರಸಭೆ ಒಪ್ಪಲಿಲ್ಲ. ಆ ಸಭೆಯಲ್ಲಿ ಈ ಶಿಲ್ಪಿಯೂ ಇದ್ದ. ಜೂನ್‌ನಲ್ಲಿ ರೈತರು ಸೋತರು, ಸಾವಿರಾರು ಜನ ಸತ್ತರು. ಅರವತ್ತು ದಾಟಿದ್ದ ಅವನನ್ನು ಎದುರಿನ ಗುಡ್ಡದ ಮರೀನ್‌ಬರ್ಗ್ ಕೋಟೆಯಲ್ಲಿ ಸುಮಾರು ಎರಡು ತಿಂಗಳು ಕೂಡಿಹಾಕಿ ಚಿತ್ರಹಿಂಸೆ ಕೊಟ್ಟರು. ಆಸ್ತಿಯಲ್ಲೂ ಬಹುಪಾಲು ಹೋಯಿತು. ಅವನ ಕೈ ಮುರಿದರು ಅನ್ನೋ ಮಾತು ಕೇಳಿಬರುತ್ತದೆ, ಅದಕ್ಕೆ ದಾಖಲೆ ಇಲ್ಲ. ಆದರೆ ಆಮೇಲೆ ಅವನಿಗೆ ದೊಡ್ಡ ಕೆಲಸ ಸಿಗಲೇ ಇಲ್ಲ. 1531ರಲ್ಲಿ ತೀರಿಕೊಂಡ.

ಅಲ್ಲಿಂದ ನೇರವಾಗಿ ಕೆಥೆಡ್ರಲ್‌ಗೆ ನಡೆಯಿರಿ. ಅದಕ್ಕೂ ಹಿಂದೆ ಊರನ್ನು ಆಳಿದ್ದ ಬಿಷಪ್ ರುಡಾಲ್ಫ್ ಫಾನ್ ಶೆರೆನ್‌ಬರ್ಗ್‌ಗಾಗಿ ರೀಮೆನ್‌ಶ್ನೈಡರ್ ಕೆತ್ತಿದ ಸಮಾಧಿ ಶಿಲ್ಪದ ಹತ್ತಿರ ನಿಂತು ಮುಖ ನೋಡಿ. ಜೋತುಬಿದ್ದ ಕೆನ್ನೆ, ಕಣ್ಣ ಕೆಳಗಿನ ಸುಕ್ಕು, ಬಿಗಿದ ತುಟಿ. ಒಂದು ಕೈಯಲ್ಲಿ ಧರ್ಮದಂಡ, ಇನ್ನೊಂದರಲ್ಲಿ ಕತ್ತಿ. ಆಳುವವನನ್ನು ದೇವರಂತೆ ಮಾಡದೆ, ದಣಿದ ಮುದುಕನಂತೆ ಕೆತ್ತಲು ಎಷ್ಟು ಧೈರ್ಯ ಬೇಕು ಅಲ್ವಾ? ನಾನಂತೂ ಅಲ್ಲಿಂದ ಬೇಗ ಕದಲಲಿಲ್ಲ. ಹೊರಗಡೆ ಉತ್ತರದ ಗೋಡೆಯಲ್ಲಿ ರೀಮೆನ್‌ಶ್ನೈಡರ್‌ನ ಸಮಾಧಿ ಕಲ್ಲಿನ ನಕಲು ಇದೆ. ಮಗ ಯೋರ್ಗ್ ಕೆತ್ತಿದ ಮೂಲ ಕಲ್ಲು 1822ರಲ್ಲಿ ಅಗೆಯುವಾಗ ಸಿಕ್ಕಿತು.

ಮಾರುಕಟ್ಟೆ ಚೌಕದ ಮರೀನ್‌ಕಪೆಲ್ಲೆ ಚರ್ಚ್‌ನ ಬಾಗಿಲಲ್ಲಿರುವ ಆಡಮ್, ಈವ್ ನಕಲುಗಳು. ರೀಮೆನ್‌ಶ್ನೈಡರ್ ಕೆತ್ತಿದ ಮೂಲ ಮೂರ್ತಿಗಳು ಅವನನ್ನು ಬಂಧಿಸಿಟ್ಟಿದ್ದ ಅದೇ ಕೋಟೆಯ ಮ್ಯೂಸಿಯಂನಲ್ಲಿವೆ. ಅವನ ಸುಮಾರು 80 ಕೃತಿಗಳು ಅಲ್ಲಿವೆ. ಕೋಟೆ ಹತ್ತುವುದು ಏರುದಾರಿ, ಒಳ್ಳೇ ಶೂ ಇರಲಿ. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ. ಕೋಟೆಯಲ್ಲಿ ದುರಸ್ತಿ ಕೆಲಸವೂ ನಡೆಯುತ್ತಿರುತ್ತದೆ, ಯಾವ ಭಾಗ ತೆರೆದಿದೆ ಅಂತ ಮೊದಲೇ ವಿಚಾರಿಸಿ.

ಮರುದಿನ ರೋಥೆನ್‌ಬರ್ಗ್ ಊರಿಗೆ. ಸ್ಟೈನಾಖ್‌ನಲ್ಲಿ ರೈಲು ಬದಲಿಸಬೇಕು. ನಾಲ್ಕೈದು ಜನ ಇದ್ದರೆ ಬವೇರಿಯಾ ರಾಜ್ಯದ ದಿನದ ಟಿಕೆಟ್ ಆದ ಬಯರ್ನ್ ಟಿಕೆಟ್ ಅಗ್ಗ, ವಾರದ ದಿನ ಬೆಳಿಗ್ಗೆ 9ರ ನಂತರ ನಡೆಯುತ್ತದೆ. ಸೇಂಟ್ ಯಾಕೋಬ್ ಚರ್ಚ್‌ನಲ್ಲಿ ಅವನು ಕೆತ್ತಿದ ಪವಿತ್ರ ರಕ್ತದ ವೇದಿಕೆ (ಮರದ ಪೂಜಾಪೀಠ) ಮಹಡಿ ಮೇಲಿದೆ, ಆರ್ಗನ್ ಹಿಂದೆ. ಕೆಳಗೇ ಸುತ್ತಾಡಿ ವಾಪಸ್ ಬರಬೇಡಿ, ಮೆಟ್ಟಿಲು ಹತ್ತಿ. ಬಣ್ಣ ಹಚ್ಚದ ಲಿಂಡೆನ್ ಮರ. ಕೊನೆಯ ಭೋಜನದ ನಡುಮಧ್ಯೆ ನಿಂತಿರುವುದು ಯೇಸುವಲ್ಲ, ಅವನಿಗೆ ದ್ರೋಹ ಮಾಡಿದ ಶಿಷ್ಯ ಯೂದ. ಹಿಂದಿನ ಪುಟ್ಟ ಕಿಟಕಿಗಳಿಂದ ಬೆಳಕು ಬರುತ್ತದೆ, ಹಗಲಲ್ಲೇ ಹೋಗಿ.

ಸಮಯ ಇದ್ದರೆ ಕ್ರೆಗ್ಲಿಂಗೆನ್‌ನ ಹೆರ್‌ಗಾಟ್ಸ್ ಚರ್ಚ್ ಬಿಡಬೇಡಿ. ಅಲ್ಲಿ ರೀಮೆನ್‌ಶ್ನೈಡರ್ ಕೆತ್ತಿದ ಮರಿಯಳ ವೇದಿಕೆ ಬಹುಕಾಲ ಮುಚ್ಚಿಟ್ಟಿದ್ದು 1832ರಲ್ಲಿ ಮತ್ತೆ ತೆರೆಯಿತು. ಊರಿಗೆ ರೈಲಿಲ್ಲ, ಬಸ್ಸು ಕಡಿಮೆ. ಚರ್ಚ್ ಊರ ಹೊರಗಿದೆ. ಬಾಡಿಗೆ ಕಾರು ಅನುಕೂಲ. ಬಸ್ಸಿಗೆ ಹೋಗುವುದಾದರೆ ವಾಪಸ್ ಬರುವ ಸಮಯವನ್ನು ಮೊದಲೇ ಬರೆದಿಟ್ಟುಕೊಂಡು ಹೊರಡಿ.