ಒಂದು ಬ್ರೇಕ್‌ಪಾಯಿಂಟ್, ಎರಡು ಜಾಗ

ಇವತ್ತು ಜಿಡಿಬಿಗೆ (ಪ್ರೋಗ್ರಾಮಿನ ತಪ್ಪು ಹುಡುಕುವ ಡೀಬಗರ್) ‘ಬ್ರೇಕ್ ಯುಟಿಲ್.ಸಿ:42’ (ಆ ಫೈಲಿನ 42ನೇ ಸಾಲಿಗೆ ಬಂದಾಗ ಪ್ರೋಗ್ರಾಂ ನಿಲ್ಲಿಸು) ಅಂತ ಕೊಟ್ರೆ 2 ಲೊಕೇಶನ್ ಅಂತು.

ತಪ್ಪು ಅದರದ್ದಲ್ಲ, ಆ ಹೆಸರಿನ ಫೈಲ್ ಎರಡು ಫೋಲ್ಡರಿನಲ್ಲಿ ಉಂಟು. ರಿಲೇಟಿವ್ ಪಾಥನ್ನು (ಪೂರ್ತಿ ಅಲ್ಲದ ಫೈಲ್ ವಿಳಾಸವನ್ನು) ಜಿಡಿಬಿ ನಾವಿರುವ ಫೋಲ್ಡರಿನಿಂದ ಹುಡುಕುವುದಲ್ಲ. ಕಂಪೈಲರ್ ಡೀಬಗ್ ಮಾಹಿತಿಯಲ್ಲಿ ಬರೆದಿಟ್ಟ ಪಾಥ್ ಉಂಟಲ್ಲ, ಅದರ ಬಾಲಕ್ಕೆ ಹೊಂದಿಸಿ ನೋಡ್ತದೆ.

‘ನೆಟ್/ಯುಟಿಲ್.ಸಿ:42’ ಅಂದ್ರೆ ಒಂದೇ ಉಳೀತದೆ.

ಹೊಂದಬೇಕಾದ್ದು ಸ್ಲ್ಯಾಶಿನಿಂದ ಸ್ಲ್ಯಾಶಿಗೆ, ಇಡೀ ಹೆಸರು. ‘ಯುಟಿಲ್.ಸಿ’ ಕೇಳಿದ್ರೆ ‘ಮೈ-ಯುಟಿಲ್.ಸಿ’ ಸಿಗ್ಲಿಕ್ಕಿಲ್ಲ. ಕಾಸರಗೋಡಿನ ಬಸ್ಸಲ್ಲಿ ಬರೀ ‘ಅಡ್ಕ’ ಅಂದ್ರೆ ಬದಿಯಡ್ಕಕ್ಕೆ ಟಿಕೆಟ್ ಕೊಡ್ತಾರಾ?

ಪಾಥೇ ಸಿಗದಿದ್ರೆ ಪೆಂಡಿಂಗ್ ಇಡ್ಲಾ (ಮುಂದೆ ಸಿಕ್ಕಿದ್ರೆ ಹಾಕ್ಲಾ) ಅಂತ ಕೇಳ್ತದೆ. ಅವಸರದಲ್ಲಿ ‘ವೈ’ ಒತ್ಬೇಡಿ, ಹೆಚ್ಚಾಗಿ ಅದು ಸ್ಪೆಲ್ಲಿಂಗ್ ತಪ್ಪು.

ಸಂಶಯ ಬಂದ್ರೆ ‘ಇನ್ಫೋ ಬ್ರೇಕ್‌ಪಾಯಿಂಟ್ಸ್’. 1.1, 1.2 ಅಂತ ಎಲ್ಲ ಜಾಗವೂ ಕಾಣ್ತದೆ. ಬೇಡದ್ದಕ್ಕೆ ‘ಡಿಸೇಬಲ್ 1.2’.